ಹೆಸರು ಅಳಿಸಿದ ಸಂಕ್ರಾಂತಿ ಕಾರ್ಡು

ನನ್ನ ತಂಗಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಳು. ಬಿಡಿಸಿದ್ದು ಅಪ್ಪ ಎಂದು ನಮ್ಮ ಓಣಿಗೆಲ್ಲ ಗೊತ್ತು. ಚಾಡಿ ಹೇಳಿ ಬಿಡಿಸಿದವಳು ತನ್ನ ಗೆಳತಿ ಎಂದು ತಂಗಿ ಐವತ್ತು ವರ್ಷ ನಂಬಿದ್ದಳು. ಚಾಡಿ ಹೇಳಿದವನು ನಾನು. ಈ ಮಾತನ್ನು ಈ ಸಲದ ಸಂಕ್ರಾಂತಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಬರೆಯುವಾಗಲೂ ನನ್ನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ತಪ್ಪೊಪ್ಪಿಕೊಳ್ಳುವ ಮನುಷ್ಯ ತನ್ನನ್ನು ಸ್ವಲ್ಪ ಚೆಂದ ಮಾಡಿಕೊಂಡೇ ಒಪ್ಪಿಕೊಳ್ಳುತ್ತಾನೆ. ಓದುವವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಬೇಕು.

ಈಗಿನ ಮಕ್ಕಳು ಫೆಬ್ರವರಿ ತಿಂಗಳಲ್ಲಿ ಕೆಂಪು ಹೃದಯದ ಕಾರ್ಡು ಕೊಟ್ಟುಕೊಳ್ಳುತ್ತಾರಂತೆ. ನಮ್ಮ ಕಾಲಕ್ಕೆ ಬಸವಕಲ್ಯಾಣದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಮಗಿದ್ದದ್ದು ಸಂಕ್ರಾಂತಿಯ ಕಾರ್ಡು. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಪೇಟೆಯಲ್ಲಿ ಪಟ್ಟಿ-ಪುಸ್ತಕದ ಅಂಗಡಿಯವರು ದಾರ ಕಟ್ಟಿ ಸಾಲಾಗಿ ನೇತುಹಾಕುತ್ತಿದ್ದರು. ಗುಲಾಬಿ ಹೂ, ಜೋಡಿ ಗಿಳಿ, ಹಂಸ, ಸಿನಿಮಾದವರ ಮುಖ. ಸೊಲ್ಲಾಪುರದ ಕಡೆಯಿಂದ ಬರುತ್ತಿದ್ದ ಕೆಲವಕ್ಕೆ ಒಳಗಿನ ಪದ್ಯ ಮರಾಠಿಯಲ್ಲಿರುತ್ತಿತ್ತು, ಕೆಲವಕ್ಕೆ ಕನ್ನಡದಲ್ಲಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಂಗೈಯಷ್ಟು ಕಾರ್ಡು. ಮಡಿಕೆ ಬಿಚ್ಚಿದರೆ ಮೇಲೆ ‘ಪ್ರೀತಿಯ’ ಎಂದು ಅಚ್ಚಾಗಿರುತ್ತಿತ್ತು, ಅದರ ಮುಂದೆ ಖಾಲಿ ಜಾಗ. ಕೆಳಗೆ ‘ಇಂತಿ’, ಅದರ ಮುಂದೆಯೂ ಖಾಲಿ. ಆ ಎರಡು ಜಾಗದಲ್ಲಿ ಹೆಸರು ಬರೆದು, ಮಡಿಕೆಯೊಳಗೆ ನಾಲ್ಕು ಕಾಳು ಕುಸುರೆಳ್ಳು ಇಟ್ಟು, ಹಬ್ಬದ ಮಾರನೇ ದಿನ ಶಾಲೆಗೆ ಒಯ್ಯುತ್ತಿದ್ದೆವು. ಶಾಲೆ ಮುಟ್ಟುವ ಹೊತ್ತಿಗೆ ಸಕ್ಕರೆ ಕರಗಿ ಗಿಳಿಯ ಕೊಕ್ಕಿಗೆ ಅಂಟಿರುತ್ತಿತ್ತು. “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂನು” ಎಂದು ಹೇಳಿ ಕೊಡಬೇಕು. ಅದಾದ ಮೇಲೆ ಜಗಳ ಆಡಬಾರದು. ಹುಡುಗರು ಹುಡುಗರಿಗೆ, ಹುಡುಗಿಯರು ಹುಡುಗಿಯರಿಗೆ. ಹುಡುಗನ ಕಾರ್ಡು ಹುಡುಗಿಗೆ ಹೋಗಬಾರದು ಎಂದು ಯಾವ ಮಾಸ್ತರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ನಮ್ಮದು ಉಂಡುಟ್ಟು ಇರುವ ಒಕ್ಕಲುತನದ ಮನೆ. ಕೊಹಿನೂರ ಹಳ್ಳಿಯ ದಾರಿಯಲ್ಲಿ ತೊಗರಿ, ಜೋಳ ಬೆಳೆಯುವ ಹೊಲ, ಊರೊಳಗೆ ಸ್ವಂತ ಮನೆ. ಆದ್ದರಿಂದ ನನಗೆ ಹೊಸ ಕಾರ್ಡು ಸಿಗುತ್ತಿದ್ದವು. ನಾನು ಶಾಯಿ ಪೆನ್ನಿನಲ್ಲಿ ಹೆಸರು ಬರೆದು, ಒಣಗುವವರೆಗೆ ಊದುತ್ತ ಕೂಡುತ್ತಿದ್ದೆ. ಪೆನ್ಸಿಲಿನಲ್ಲಿ ಬರೆದ ಕಾರ್ಡು ಕೊಟ್ಟವರನ್ನು ನೋಡಿ ನಗುತ್ತಿದ್ದೆ. ಅವರು ಯಾಕೆ ಪೆನ್ಸಿಲು ಹಿಡಿಯುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ.

ತಂಗಿ ನನಗಿಂತ ಎರಡು ವರ್ಷ ಸಣ್ಣವಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಓಣಿಯ ಹುಡುಗರನ್ನು ಕಟ್ಟೆಯ ಮೇಲೆ ಕೂಡಿಸಿ, ಕೈಯಲ್ಲಿ ತೊಗರಿಕಡ್ಡಿ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ‘ಬಾಯೋರು’ ಎನ್ನುತ್ತೇವೆ. ತಾನು ಬಾಯೋರು ಆಗುವವಳೇ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನಮ್ಮ ಮನೆತನದಲ್ಲಿ ಯಾವ ಹುಡುಗಿಯೂ ಏಳನೆಯದನ್ನು ದಾಟಿರಲಿಲ್ಲ. ಅಪ್ಪ ಅವಳನ್ನು ಎಂಟನೆಯದಕ್ಕೆ ಕಳಿಸಿದ್ದು ಒಂದೇ ಮಾತಿನ ಮೇಲೆ: ಅದೇ ಹೈಸ್ಕೂಲಿನಲ್ಲಿ ಅಣ್ಣ ಇದ್ದಾನೆ, ನೋಡಿಕೊಳ್ಳುತ್ತಾನೆ. ನಾನು ಆಗ ಹತ್ತನೇ ಕ್ಲಾಸು. ನೋಡಿಕೊಳ್ಳುವುದು ಅಂದರೆ ಏನು ಎಂದು ಅಪ್ಪ ಬಿಡಿಸಿ ಹೇಳಲಿಲ್ಲ. ಸಂಶಯದಿಂದ ನೋಡುವುದೇ ನೋಡಿಕೊಳ್ಳುವುದು ಎಂದು ನಾನು ತಿಳಿದೆ.

ಅವಳಿಗೆ ಒಬ್ಬಳೇ ಗೆಳತಿ. ಕೊಹಿನೂರಿನ ಹುಡುಗಿ. ಅಪ್ಪ-ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಓದುವುದಕ್ಕೆಂದು ಬಸವಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿ ಇದ್ದಳು. ಆ ಮನೆಯ ಗೋಡೆಗೆ ಬುದ್ಧನ ಚಿತ್ರ ಇತ್ತು. ನಾನು ಒಳಗೆ ಹೋಗಿ ನೋಡಿದ್ದಲ್ಲ, ಓಣಿಯಲ್ಲಿ ಹಾದುಹೋಗುವಾಗ ಬಾಗಿಲಿನಿಂದ ಕಂಡದ್ದು. ಅವಳು ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅವ್ವ ಅವಳ ನೀರಿಗೆ ಬೇರೆ ಲೋಟ ಇಟ್ಟಿದ್ದಳು, ಕಿಟಕಿಯ ಹೊರಗಿನ ಅಂಚಿಗೆ. ಒಂದು ದಿನ ತಂಗಿ ಎಲ್ಲರ ಕಣ್ಣೆದುರೇ ಅದೇ ಲೋಟದಲ್ಲಿ ನೀರು ಕುಡಿದಳು. ಅವ್ವ ಆ ಲೋಟ ತೊಳೆದು ಮತ್ತೆ ಅಂಚಿಗೇ ಇಟ್ಟಳು. ಆದರೆ ನನಗೆ ಆ ದಿನದಿಂದಲೇ ಆ ಗೆಳೆತನದ ಮೇಲೆ ಶಕ್ ಶುರುವಾಯಿತು. ಇವರಿಬ್ಬರ ನಡುವೆ ನಮಗೆ ಹೇಳದ ಏನೋ ಇದೆ ಎಂದು.

ಆ ವರ್ಷ ಸಂಕ್ರಾಂತಿಯಾಗಿ ನಾಲ್ಕೈದು ದಿನ ಆಗಿತ್ತು. ನನ್ನ ಕೈವಾರ ಕಳೆದುಹೋಗಿ ತಂಗಿಯ ಕಂಪಾಸ್ ಪೆಟ್ಟಿಗೆ ತೆಗೆದೆ. ಕೋನಮಾಪಕದ ಕೆಳಗೆ ಒಂದು ಕಾರ್ಡು. ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು. ಒಳಗೆ ‘ಪ್ರೀತಿಯ’ ಎನ್ನುವುದರ ಮುಂದೆ ಪೆನ್ಸಿಲಿನಲ್ಲಿ ತಂಗಿಯ ಹೆಸರು. ಕೆಳಗೆ ‘ಇಂತಿ’ಯ ಮುಂದೆ ಏನೂ ಇಲ್ಲ. ಖಾಲಿ ಬಿಟ್ಟದ್ದಲ್ಲ, ರಬ್ಬರು ಹಾಕಿ ಉಜ್ಜಿದ್ದು. ಕಾಗದ ಅಲ್ಲಿ ಹತ್ತಿಯಂತೆ ಎದ್ದಿತ್ತು. ಇನ್ನೊಂದು ಸಲ ಉಜ್ಜಿದರೆ ತೂತು ಬೀಳುವಷ್ಟು ತೆಳ್ಳಗಾಗಿತ್ತು.

ನಾನು ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಒಂದು ಹೆಸರಿನ ಗುರುತಲ್ಲ, ಮೂರ್ನಾಲ್ಕು ಹೆಸರುಗಳ ಗೀರು ಒಂದರ ಮೇಲೊಂದು ಬಿದ್ದಿದ್ದವು. ಅಷ್ಟು ನೋಡಿದರೆ ಯಾರಿಗಾದರೂ ನಿಜ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ. ಯಾವನೋ ಹುಡುಗ ಹೆಸರು ಬರೆದಿದ್ದಾನೆ, ಹೆದರಿ ಅಳಿಸಿದ್ದಾನೆ, ಸುಳ್ಳು ಹೆಸರು ಹಾಕಿ ನೋಡಿದ್ದಾನೆ, ಅದನ್ನೂ ಅಳಿಸಿದ್ದಾನೆ. ಅಳಿಸುವವನಿಗೆ ಮುಚ್ಚುವುದು ಇದ್ದೇ ಇರುತ್ತದೆ.

ತಂಗಿ ಬಂದಳು. ಇದನ್ನು ಯಾರು ಕೊಟ್ಟರು ಎಂದು ಕೇಳಿದೆ. ಗೆಳತಿ ಎಂದಳು. ಹೆಸರು ಎಲ್ಲಿ ಎಂದೆ. ಬರೆದಿಲ್ಲ ಎಂದಳು.

“ಬರದು ಅಳಿಸ್ಯಾರ ಇದು. ಯಾಕ?”

ಅವಳು ನಕ್ಕಳು. “ನಿನಗ ಯಾಕ ಬೇಕು ಅಣ್ಣಾ? ನಿನಗ ಬಂದ ಕಾರ್ಡು ನಾ ತಗದು ನೋಡೀನೇನು?”

ಆ ನಗೆಯನ್ನು ನನಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವಳು ನಗುತ್ತಾಳೆ ಎಂದುಕೊಂಡೆ. ತಪ್ಪು ಮಾಡದವರಷ್ಟೇ ಹಾಗೆ ನಗಬಲ್ಲರು ಎನ್ನುವುದು ಹದಿನಾರನೇ ವಯಸ್ಸಿನಲ್ಲಿ ಯಾರಿಗೆ ಗೊತ್ತಿರುತ್ತದೆ.

ಮುಂದಿನ ಒಂದು ವಾರ ನಾನು ಪಾಠ ಕೇಳಿದ್ದು ಕಡಿಮೆ. ಅವರಿಬ್ಬರೂ ನೀರಿನ ನಲ್ಲಿಯ ಹತ್ತಿರ ನಿಂತರೆ ನಾನು ಬಾಯಾರಿದವನಂತೆ ಅಲ್ಲಿಗೆ ಹೋಗುತ್ತಿದ್ದೆ. ನಾನು ಹೋದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ನಿಲ್ಲಿಸಿದರಲ್ಲ, ಅಂದರೆ ಏನೋ ಇದೆ. ಒಮ್ಮೆ ಆ ಹುಡುಗಿ ಒಂದು ಚೀಟಿ ಓದಿ ಹರಿದು ಹಾಕಿದಳು. ಅವರು ಹೋದ ಮೇಲೆ ತುಣುಕು ಆರಿಸಿ ಕೂಡಿಸಿದೆ. ಭೂಗೋಳದ ಐದು ಪ್ರಶ್ನೆ. ಇದು ತೋರಿಸುವುದಕ್ಕೆ ಬರೆದದ್ದು, ನಿಜವಾದ ಚೀಟಿ ಬೇರೆ ಇದೆ ಎಂದು ಅದನ್ನೂ ಶಕ್ಕಿಗೇ ಸೇರಿಸಿಕೊಂಡೆ. ಕಣ್ಣು ಕೆಂಪಗೆ ಮಾಡಿಕೊಂಡ ಅಣ್ಣ ಎದುರಿಗೆ ಬಂದು ನಿಂತರೆ ಯಾವ ಇಬ್ಬರು ಹುಡುಗಿಯರೂ ಮಾತು ನಿಲ್ಲಿಸುತ್ತಾರೆ. ಆಗ ಇದು ತಲೆಗೆ ಹೋಗಲಿಲ್ಲ.

ಎಂಟನೆಯ ದಿನ ಸಂಜೆ ಅಪ್ಪ ಹೊಲದಿಂದ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ. ನಾನು ಹತ್ತಿರ ಹೋಗಿ ಕಾರ್ಡು ತೋರಿಸಿದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಹಂಸಗಳನ್ನು ನೋಡಿದ. ಅಳಿಸಿದ ಜಾಗವನ್ನು ನಾನೇ ಬೆರಳಿಟ್ಟು ತೋರಿಸಿದೆ.

“ಕಣ್ಣಾರೆ ನೋಡೀಯೇನು?” ಎಂದು ಕೇಳಿದ.

ಇಲ್ಲಿ ನಾನು ನಿಲ್ಲಬಹುದಿತ್ತು. ಅಪ್ಪ ಒಂದು ಬಾಗಿಲು ತೆರೆದು ಇಟ್ಟಿದ್ದ. ಇಲ್ಲ, ಬರೀ ಅನುಮಾನ ಎಂದಿದ್ದರೆ ಅವನು ಎರಡು ಬೈದು ಬಿಡುತ್ತಿದ್ದನೋ ಏನೋ.

“ಹೂಂ, ನೋಡೀನಿ,” ಎಂದೆ. “ತಂಗಿ ಗೆಳತಿ ಅದಾಳಲ್ಲ, ಆಕಿ ಓಣಿ ಹುಡುಗ ಒಬ್ಬಾಂವ ಕೊಟ್ಟಾನ. ಆಕಿ ತಂದು ಮುಟ್ಟಿಸ್ಯಾಳ.”

ಅಂಥ ಹುಡುಗ ಯಾರೂ ಇರಲಿಲ್ಲ. ಅವನನ್ನು ಹುಟ್ಟಿಸಿದವನು ನಾನು. ಹುಟ್ಟಿಸುವಾಗಲೂ ನಮ್ಮ ಓಣಿಯಲ್ಲಿ ಹುಟ್ಟಿಸಲಿಲ್ಲ, ಅವಳ ಓಣಿಯಲ್ಲಿ ಹುಟ್ಟಿಸಿದೆ. ಅಪ್ಪ ಬೇಗ ನಂಬುವ ಜಾಗ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ತೊಳೆದ ಕಾಲನ್ನೇ ಮತ್ತೆ ತೊಳೆದ.

ಹೊಡೆತ ಬಡಿತ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ತಂಗಿಯ ಪಾಟಿಚೀಲ ಗೂಟಕ್ಕೆ ಏರಿತು. ಓದಿದ್ದು ಸಾಕು, ರೊಟ್ಟಿ ಬಡಿಯುವುದನ್ನು ಕಲಿಯಲಿ ಎಂದು ಅಪ್ಪ ಅವ್ವನಿಗೆ ಹೇಳಿ ಹೊಲಕ್ಕೆ ಹೋದ. ಅಪ್ಪನಿಗೂ ಒಂದು ನೆಪ ಬೇಕಾಗಿತ್ತು ಎಂದು ನಾನು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಸತ್ತವನ ಮೇಲೆ ಅರ್ಧ ತಪ್ಪು ಹೊರಿಸಿದರೆ ಅವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ.

ತಂಗಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ನನ್ನ ಹತ್ತಿರ ಬಂದು, ಅಪ್ಪನ ಮುಂದೆ ಹೇಳಿದವರು ಯಾರು ಎಂದು ಕೇಳಿದಳು. ಅವಳು ನನ್ನ ಮುಖ ನೋಡುತ್ತಿದ್ದ ರೀತಿ ನೋಡಿ, ಇವಳಿಗೆ ಗೊತ್ತಾಗಿದೆ ಎಂದು ನನಗೆ ದಿಗಿಲಾಯಿತು.

“ನಿನ್ನ ಗೆಳತಿನೇ ಹೇಳ್ಯಾಳ,” ಎಂದೆ. “ಯಾವನೋ ಕೊಟ್ಟಿದ್ದು ನಿನಗ ತಂದು ಕೊಟ್ಟು, ಆಮ್ಯಾಲ ತನ್ನ ಮ್ಯಾಲ ಬರ್ತದಂತ ಅಂಜಿ, ನಿನ್ನ ಮ್ಯಾಲ ಹಾಕ್ಯಾಳ.”

ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ದೊಡ್ಡದು.

ಗೆಳತಿ ಮೂರು ಸಲ ಮನೆಗೆ ಬಂದಳು. ಮೊದಲ ಸಲ ಅವ್ವ, ಹುಡುಗಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದಳು. ಎರಡನೆಯ ಸಲ ಯಾರೂ ಹೊರಗೆ ಬರಲಿಲ್ಲ. ಮೂರನೆಯ ಸಲ ತಂಗಿ ಒಳಗಿನಿಂದಲೇ ಹೊರಗೆ ಕೇಳುವ ಹಾಗೆ ಹೇಳಿದಳು, “ಇನ್ನ ಬರಬ್ಯಾಡ ಅನ್ನು ಆಕಿಗ.” ನಾನು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಹುಡುಗಿ ಓಣಿಯಲ್ಲಿ ನಿಂತು ನನ್ನ ಕಡೆ ತಿರುಗಿ, “ಅಣ್ಣಾರ, ನಾ ಏನು ಮಾಡೀನ್ರಿ?” ಎಂದಳು. ನಾನು ಹಾಳೆ ತಿರುವಿದೆ.

ಎರಡು ವರ್ಷಕ್ಕೆ ತಂಗಿಯನ್ನು ಹುಮನಾಬಾದಿಗೆ ಕೊಟ್ಟರು. ನಾನು ಹತ್ತನೆಯದು ಮುಗಿಸಿ, ಅಲ್ಲಿ ಇಲ್ಲಿ ತಿರುಗಾಡಿ, ಕಡೆಗೆ ಹಳ್ಳಿಖೇಡದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಟ್ಟೆಯ ಮೇಲೆ ಕೆಲಸಕ್ಕೆ ಸೇರಿದೆ. ನನ್ನ ಸ್ವಭಾವಕ್ಕೆ ಸರಿಯಾದ ಕೆಲಸ. ಹೊರೆಯೊಳಗೆ ಕಲ್ಲು ಇದೆಯೋ, ಗಾಡಿ ತೂಗುವಾಗ ಚಕ್ಕಡಿಯವನೂ ಮೇಲೆ ಕೂತಿದ್ದಾನೋ ಎಂದು ಎಲ್ಲರನ್ನೂ ಅನುಮಾನದಿಂದ ನೋಡಬೇಕು. ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು.

ಅಲ್ಲಿ ನನಗೆ ಮೂವತ್ತು ತುಂಬಿದ ವರ್ಷ, ಸಂಕ್ರಾಂತಿಯ ಮಾರನೇ ದಿನ, ಮನ್ನಾಏಖೇಳ್ಳಿಯ ಒಬ್ಬ ಜೊತೆಗಾರ ಎಳ್ಳು ಬೆಲ್ಲ ಹಂಚುತ್ತ ತನ್ನ ಸಣ್ಣಂದಿನ ಮಾತು ತೆಗೆದ. ನಗಿಸುವುದಕ್ಕೆ ಹೇಳಿದ್ದು ಅದು.

“ನಮ್ಮ ಓಣ್ಯಾಗ ಹತ್ತು ಮಂದಿ ಹುಡುಗರಿಗೆ ಎರಡ ಕಾರ್ಡು ನೋಡ್ರಿ. ಹೆಸರು ಪೆನ್ಸಿಲಿಲೆ ಬರೀಬೇಕು. ತಗೊಂಡಾಂವ ರಬ್ಬರ ಹಾಕಿ ಆ ಹೆಸರು ಅಳಿಸಿ, ತನ್ನ ಹೆಸರು ಬರದು ಮುಂದಿನವನಿಗೆ ಕೊಡಬೇಕು. ಹಿಂಗ ತಿರುಗಿ ತಿರುಗಿ ಕಡೀಕ ಕಾಗದ ಹರಿಯೂ ಮಟ್ಟಕ್ಕ ಬರತಿತ್ತು.”

ನನ್ನ ಕೈಯ ಎಳ್ಳು ಕೈಯಲ್ಲೇ ಉಳಿಯಿತು. ಕಡೆಗೆ ಯಾರಿಗೆ ಕೊಡುತ್ತಿದ್ದಿರಿ ಎಂದು ಕೇಳಿದೆ.

“ಕಡೀಕ ಹೆಸರು ಬರ್ಯಾಕ ಜಾಗಾನೇ ಇರತಿದ್ದಿಲ್ಲ. ಹೆಸರು ಬರೀದಿದ್ರೂ ಇದು ಯಾರು ಕೊಟ್ಟಿದ್ದು ಅಂತ ಯಾಂವ ಹೇಳತಾನ, ಅಂವಗ ಕೊಡಬೇಕು. ಜೀವದ ಗೆಳ್ಯಾಗ. ಅಂವ ಅದನ್ನ ಮುಂದ ಕೊಡಂಗಿಲ್ಲ, ಇಟ್ಟುಕೊಳ್ತಾನ.”

ಅವನು ಸುಳ್ಳು ಹೇಳುತ್ತಿರಬಹುದು ಎಂದು ನೋಡಿದೆ. ಸುಳ್ಳಾಗಲಿ ಎಂದು ಬಯಸಿದೆ. ಬೇರೆ ಊರಿನ ಇನ್ನಿಬ್ಬರನ್ನು, ಬೇರೆ ಬೇರೆ ದಿನ, ಸುಮ್ಮನೆ ಮಾತಿಗೆ ಎಳೆದು ಕೇಳಿದೆ. ಇಬ್ಬರೂ ಅದನ್ನೇ ಹೇಳಿದರು. ಒಬ್ಬ ಕೂಲಿಕಾರರ ಮನೆಯವನು, ಇನ್ನೊಬ್ಬ ಸಣ್ಣ ಒಕ್ಕಲಿನವನು. ಹೊಸ ಕಾರ್ಡು ಕೊಳ್ಳಲಾರದ ಮಕ್ಕಳಿಗೆಲ್ಲ ಗೊತ್ತಿದ್ದ ರೂಢಿ ಅದು. ಶಾಯಿಯಲ್ಲಿ ಬರೆದು ಊದುತ್ತ ಕೂಡುತ್ತಿದ್ದ ನನಗೆ ಮಾತ್ರ ಗೊತ್ತಿರಲಿಲ್ಲ.

ಹದಿನಾರರಲ್ಲಿ ಮಾಡಿದ್ದು ತಿಳಿಯದೆ ಮಾಡಿದ್ದು ಎನ್ನಬಹುದು, ಆ ಎರಡು ಸುಳ್ಳನ್ನು ಬಿಟ್ಟರೆ. ಮೂವತ್ತರ ನಂತರದ್ದಕ್ಕೆ ಯಾವ ನೆಪವೂ ಇಲ್ಲ. ಗೊತ್ತಾದ ಮೇಲೆ ಮೂವತ್ತಾರು ವರ್ಷ ಸುಮ್ಮನಿದ್ದೆ. ಅಪ್ಪ ಇದ್ದಾನೆ ಎಂದು ಸುಮ್ಮನಿದ್ದೆ, ಆಮೇಲೆ ಅಪ್ಪ ಇಲ್ಲ ಎಂದು ಸುಮ್ಮನಿದ್ದೆ. ತಂಗಿಯ ಮಕ್ಕಳು ಸಣ್ಣವರು, ಮಕ್ಕಳ ಮದುವೆ ಇದೆ, ಅವಳ ಗಂಡನಿಗೆ ಹುಷಾರಿಲ್ಲ. ಹಬ್ಬಕ್ಕೆ ಹುಮನಾಬಾದಿಗೆ ಹೋದಾಗಲೆಲ್ಲ ಮೊದಲು ಅವಳ ಮುಖ ನೋಡುತ್ತಿದ್ದೆ. ಇವಳಿಗೆ ಏನಾದರೂ ಸುಳಿವು ಸಿಕ್ಕಿದೆಯೋ? ಅವಳು ಎಂದಿನಂತೆ “ಬಾ ಅಣ್ಣಾ” ಎಂದರೆ ನಿರಾಳವಾಗಿ ಊಟಕ್ಕೆ ಕೂಡುತ್ತಿದ್ದೆ.

ಆ ಗೆಳತಿ ಓದಿ ಪ್ರಾಥಮಿಕ ಶಾಲೆಯ ಬಾಯೋರು ಆದಳು. ಕೆಲವು ವರ್ಷ ಹುಮನಾಬಾದಿನಲ್ಲೇ ಕಲಿಸಿದಳು. ಸಂತೆಯಲ್ಲಿ ಎದುರಾದಾಗ ತಂಗಿ ಮುಖ ತಿರುಗಿಸಿ, ಕಾಯಿಪಲ್ಲೆ ಕೊಳ್ಳದೆ ಮನೆಗೆ ಬಂದಳಂತೆ. ಅದನ್ನು ಅವಳು ನನ್ನ ಮುಂದೆ ಹೇಳಿದಾಗ ನಾನು ಕೇಳಿದ ಪ್ರಶ್ನೆ, “ಆಕಿ ಏನರೆ ಅಂದಳೇನು?” ಏನೂ ಅನ್ನಲಿಲ್ಲ ಎಂದು ಗೊತ್ತಾದ ಮೇಲೆಯೇ ನನ್ನ ಎದೆಯ ಭಾರ ಇಳಿಯಿತು. ಬಾಯೋರು ಈಗ ನಿವೃತ್ತಿಯಾಗಿ ಬಸವಕಲ್ಯಾಣದಲ್ಲಿ ಇದ್ದಾರೆ. ಪೇಟೆಯಲ್ಲಿ ಕಂಡರೆ ನಾನು ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದೆ.

ಈ ಸಲದ ಸಂಕ್ರಾಂತಿಗೆ ಹುಮನಾಬಾದಿಗೆ ಹೋಗಿದ್ದೆ. ತಂಗಿ ನಡುಮನೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಅವಳ ಮೊಮ್ಮಗಳು, ಒಂಬತ್ತನೆಯದು ಓದುವವಳು, ಮೊಬೈಲಿನಲ್ಲಿ ಹಬ್ಬದ ಚಿತ್ರ ಕಳಿಸುತ್ತಿದ್ದಳು. ತನ್ನ ಗೆಳತಿಗೆ ಒಂದು ಗುಟ್ಟಿನ ಮಾತು ಹೇಳಿದ್ದೇನೆ, ಅವಳು ಯಾರಿಗೂ ಹೇಳುವುದಿಲ್ಲ ಎಂದು ಅಜ್ಜಿಗೆ ಹೇಳಿ ನಗುತ್ತಿದ್ದಳು. ತಂಗಿ ಕೈ ನಿಲ್ಲಿಸಿದಳು.

“ಗೆಳತೇರ್ನ ಬಾಳ ನಂಬಬ್ಯಾಡವಾ. ನಾ ಹಂಗ ನಂಬೇ ಸಾಲಿ ಕಳಕೊಂಡೀನಿ.”

ಹುಡುಗಿ ಕೇಳಿದಳು. ತಂಗಿ ಎಲ್ಲವನ್ನೂ ಹೇಳಿದಳು. ಹಂಸದ ಕಾರ್ಡು, ಅಳಿಸಿದ ಹೆಸರು, ಮೋಸ ಮಾಡಿದ ಗೆಳತಿ. ನಾನು ಹೇಳಿಕೊಟ್ಟ ಪಾಠ, ಒಂದು ಮಾತೂ ಬಿಡದೆ. ಮೊಮ್ಮಗಳು ಕೇಳುತ್ತ ಕೇಳುತ್ತ ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಅವಳ ಹುಬ್ಬು ಕೂಡಿದ್ದನ್ನು ನೋಡಿದೆ. ಗೆಳತಿಗೆ ಹೇಳಿದ ಗುಟ್ಟನ್ನು ಅವಳು ಈಗ ಮನಸ್ಸಿನಲ್ಲೇ ತೂಗುತ್ತಿದ್ದಾಳೆ. ನನ್ನ ಶಕ್ ನನ್ನ ಕಣ್ಣೆದುರೇ ಮೂರನೆಯ ತಲೆಮಾರಿಗೆ ದಾಟುತ್ತಿತ್ತು.

“ಆಕಿ ಹೇಳಿಲ್ಲ,” ಎಂದೆ. “ಅಪ್ಪಗ ಹೇಳಿದಾಂವ ನಾ.”

ತಂಗಿಗೆ ತಿಳಿಯಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಕಂಪಾಸ್ ಪೆಟ್ಟಿಗೆ, ಎರಡು ಸುಳ್ಳು, ಕಾರ್ಖಾನೆಯಲ್ಲಿ ಕೇಳಿದ ಪೆನ್ಸಿಲಿನ ರೂಢಿ. ಅವಳ ಬೆರಳು ಬೇಳೆಯಲ್ಲಿ ಆಡುತ್ತಲೇ ಇತ್ತು, ಆದರೆ ಹರಳು ಆರಿಸುತ್ತಿರಲಿಲ್ಲ.

“ಮತ್ತ ಆ ಹುಡುಗ?” ಎಂದಳು.

“ಹುಡುಗ ಇರಲಿಲ್ಲ.”

“ಇರಲೇ ಇಲ್ಲ?”

“ಇಲ್ಲ.”

ಅವಳು ಮೊರ ಕೆಳಗಿಟ್ಟಳು. “ಅಂವ ಯಾರಿದ್ದಾನು ಅಂತ ನಾ ಎಷ್ಟು ವರ್ಷ ವಿಚಾರ ಮಾಡೀನಿ, ಗೊತ್ತದ ಏನು ನಿನಗ? ಆ ಸಾಲ್ಯಾಗಿನ ಒಬ್ಬೊಬ್ಬ ಹುಡುಗನ ಮುಖ ನೆನಸಿಕೊಂಡು, ಇಂವ ಇರಬಹುದೇನು, ಅಂವ ಇರಬಹುದೇನು ಅಂತ.” ಮತ್ತೆ ಹೇಳಿದಳು, “ಹೆಸರು ಯಾಕ ಇಲ್ಲ ಅಂತ ಆಕಿಗ ಅವತ್ತ ನಾ ಕೇಳಿದ್ದೆ. ನಿನಗ ಗೊತ್ತಾಗ್ತದಲ್ಲ ಅಂದಿದ್ಲು. ಗೊತ್ತಿತ್ತು ನನಗ. ಆಮ್ಯಾಲ ನೀ ಹೇಳಿದ ಮ್ಯಾಲ, ಗೊತ್ತಿದ್ದದ್ದೂ ಸುಳ್ಳು ಅನಿಸ್ತು.”

ತಪ್ಪಾಯಿತು ಎಂದು ಹೇಳಲು ನಾನು ಬಾಯಿ ತೆರೆದೆ. ಅವಳು ಕೈ ಎತ್ತಿದಳು.

“ಮೊದಲು ಆಕಿ ಮನಿಗೆ ಹೋಗಿ ಹೇಳು. ನಂದು ಆಮ್ಯಾಲ ನೋಡೂನು.”

ಮೂರು ದಿನ ತಡೆದು ಬಾಯೋರ ಮನೆಗೆ ಹೋದೆ. ಕಬ್ಬಿಣದ ಜಾಲರಿ ಬಾಗಿಲನ್ನು ಅರ್ಧ ತೆರೆದು, ಕೈಯನ್ನು ಚಿಲಕದ ಮೇಲೇ ಇಟ್ಟುಕೊಂಡು ನಿಂತರು. ನಾನು ಯಾರೆಂದು ಅವರಿಗೆ ತಿಳಿಯಿತು. ಒಳಗೆ ಕರೆಯಲಿಲ್ಲ. ನಿಂತಲ್ಲೇ ಹೇಳಿ ಮುಗಿಸಿದೆ. ಅವರದು ಶಾಲೆಯಲ್ಲಿ ಹುಡುಗರ ನೆಪ ಕೇಳಿ ಕೇಳಿ ಪಳಗಿದ ಮುಖ.

“ಈಗ್ಯಾಕ ಹೇಳಾಕತ್ತೀರಿ?” ಎಂದರು. “ಎಲೆಕ್ಷನ್ ಬಂತೇನು? ಇಲ್ಲಾ ಜಾಗದ ಕಾಗದಕ್ಕ ಯಾರದರ ಸಹಿ ಬೇಕಾಗೇದ?”

ಅಂಥದ್ದೇನೂ ಇಲ್ಲ ಎಂದೆ.

“ನಿಮ್ಮ ಮಾತು ನಾ ಹ್ಯಾಂಗ ನಂಬಲ್ರಿ? ಒಮ್ಮೆ ಮಾತಾಡಿ ನನ್ನ ಕೆಟ್ಟಾಕಿ ಮಾಡಿದ್ರಿ. ಈಗ ಮತ್ತೊಮ್ಮೆ ಮಾತಾಡಾಕತ್ತೀರಿ. ಇದರ ಹಿಂದ ಏನದನೋ ಯಾರಿಗೆ ಗೊತ್ತು.”

ನನ್ನ ಮೊಬೈಲಿನಿಂದ ತಂಗಿಗೆ ಹಚ್ಚಿಕೊಡುತ್ತೇನೆ, ಅವಳನ್ನೇ ಕೇಳಿರಿ ಎಂದೆ. ಬೇಡ ಎಂದರು. ಐವತ್ತು ವರ್ಷದ ಮೇಲೆ ಆ ದನಿ ತನಗೆ ಗುರುತು ಸಿಗುವುದಿಲ್ಲ, ಆ ಕಡೆ ಮಾತಾಡುವವಳು ಅವಳೇ ಎಂದು ಹೇಗೆ ತಿಳಿಯಲಿ ಎಂದರು. ಜೀವನವೆಲ್ಲ ಬೇರೆಯವರನ್ನು ಹೀಗೆ ನೋಡಿದವನು ನಾನು. ನನ್ನನ್ನು ಹೀಗೆ ಯಾರೂ ನೋಡಿರಲಿಲ್ಲ. ನಿಜ ಹೇಳುತ್ತಿರುವಾಗ ನಂಬದಿದ್ದರೆ ಹೇಗಿರುತ್ತದೆ ಎನ್ನುವುದು ಆ ಜಾಲರಿ ಬಾಗಿಲ ಹೊರಗೆ ನಿಂತಾಗ ಗೊತ್ತಾಯಿತು.

ಆಮೇಲೆ ಅವರು ನನಗೆ ಗೊತ್ತಿಲ್ಲದ ಒಂದು ಮಾತು ಹೇಳಿದರು. ನಾನು ಹುಟ್ಟಿಸಿದ ಆ ಹುಡುಗನ ಸುದ್ದಿ ಹೇಗೋ ಅವರ ಓಣಿಗೂ ಮುಟ್ಟಿತ್ತಂತೆ. ಸೋದರಮಾವ ಇವರನ್ನು ಕೊಹಿನೂರಿಗೆ ತಿರುಗಿ ಕಳಿಸಿದ್ದನಂತೆ.

“ನಮ್ಮವ್ವ ಕೂಲಿ ಮಾಡಾಕಿ. ಆಕಿ ಒಂದ ಮಾತು ಕೇಳಿದ್ಲು, ನೀ ಹಂಗ ಮಾಡೀಯೇನು ಅಂತ. ಇಲ್ಲವ್ವ ಅಂದೆ. ಮರುದಿನ ಆಕಿನೇ ನನ್ನ ಕೈ ಹಿಡಕೊಂಡು ಸಾಲಿಗೆ ಬಿಟ್ಟು ಬಂದ್ಲು. ಅಷ್ಟ.”

ಅಷ್ಟೇ. ನಮ್ಮ ಮನೆಯಲ್ಲಿ ಆ ಒಂದು ಮಾತನ್ನು ತಂಗಿಗೆ ಯಾರೂ ಕೇಳಲಿಲ್ಲ.

ಅವರು ಚಿಲಕದಿಂದ ಕೈ ತೆಗೆದರು. “ಆಕಿ ಮುಂದ ಹೇಳ್ರಿ ಇದನ್ನ. ನಾ ನಿಂತು ಕೇಳ್ತೀನಿ. ಆವಾಗ ನೋಡೂನು.”

ಮರುದಿನ ಬಸ್ ಸ್ಟ್ಯಾಂಡಿಗೆ ಅವರು ನನಗಿಂತ ಮೊದಲೇ ಬಂದಿದ್ದರು. ಹೆಣ್ಣುಮಕ್ಕಳಿಗೆ ಈಗ ಟಿಕೆಟಿಗೆ ದುಡ್ಡು ಇಲ್ಲವಲ್ಲ, ಆಧಾರ್ ಕಾರ್ಡು ತೋರಿಸಿ ಮುಂದೆ ಕೂತರು. ನಾನು ಟಿಕೆಟ್ ತೆಗೆಸಿ ಹಿಂದೆ ಕೂತೆ. ಹುಮನಾಬಾದಿನಲ್ಲಿ ಇಳಿದ ಮೇಲೆ, ಮನೆ ಗೊತ್ತಿಲ್ಲದಿದ್ದರೂ ನನ್ನ ಮುಂದೆಯೇ ನಡೆದರು. ತಿರುವು ಬಂದಲ್ಲಿ ಹಿಂತಿರುಗಿ ನೋಡದೆ ನಿಲ್ಲುತ್ತಿದ್ದರು. ನಾನು ಎಡಕ್ಕೆ, ಬಲಕ್ಕೆ ಎಂದು ಹಿಂದಿನಿಂದ ಹೇಳುತ್ತಿದ್ದೆ.

ತಂಗಿ ಬಾಗಿಲಲ್ಲೇ ಇದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಳುತ್ತಾರೆ ಎಂದು ನಾನು ತಿಳಿದಿದ್ದೆ.

“ಮುದುಕಿ ಆಗೀದಿ,” ಎಂದಳು ತಂಗಿ.

“ನೀ ಏನು ಹುಡುಗಿ ಉಳದೀಯೇನು?”

ಒಳಗೆ ಹೋಗಿ ಕೂತ ಮೇಲೆ ಬಾಯೋರು ನನ್ನ ಕಡೆ ತಿರುಗಿ, ಹೇಳ್ರಿ ಎಂದರು. ಪಾಠ ಒಪ್ಪಿಸುವ ಹುಡುಗನಂತೆ ನಿಂತುಕೊಂಡೇ ಹೇಳಿದೆ. ಯಾವುದನ್ನೂ ಬಿಡಲಿಲ್ಲ, ಬೇರೆ ಲೋಟವನ್ನೂ ಬಿಡಲಿಲ್ಲ. ಐವತ್ತು ವರ್ಷ ಹೊತ್ತದ್ದು ಐದು ನಿಮಿಷದಲ್ಲಿ ಮುಗಿಯಿತು. ಹೇಳಿ ಮುಗಿಸಿ ಇಬ್ಬರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ.

“ಅಣ್ಣಾ, ನೀ ಸ್ವಲ್ಪ ಹೊರಗ ಕೂಡು,” ಎಂದಳು ತಂಗಿ.

ಹೊರಗೆ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಸಣ್ಣ ದನಿಯ ಮಾತು ಕೇಳುತ್ತಿತ್ತು. ನನ್ನ ಬಗ್ಗೆಯೇ ಆಡುತ್ತಿದ್ದಾರೆ ಎಂದು ಅನುಮಾನ ಬಂತು. ನಡುವೆ ಒಮ್ಮೆ ನಕ್ಕರು. ನನ್ನನ್ನು ನೋಡಿಯೇ ನಕ್ಕದ್ದು ಎನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡು ಕಿವಿಗೊಟ್ಟೆ. ಅವರು ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು. ಆಮೇಲೆ ಶಾಲೆಯಲ್ಲಿ ಒಂದು ಲೆಕ್ಕ ಯಾರಿಗೆ ಮೊದಲು ಬಂದಿತ್ತು ಎಂದು ವಾದ ಮಾಡಿದರು. ನನ್ನ ಮಾತು ಎಲ್ಲಿಯೂ ಬರಲಿಲ್ಲ.

ಹೊತ್ತು ಇಳಿಯುವಾಗ ಮೊಮ್ಮಗಳು ಹೊರಗೆ ಬಂದು, “ಮುತ್ಯಾ, ನೀವು ಊರಿಗೆ ಹೋಗ್ಬೇಕಂತ್ರಿ. ಟೀಚರ್ ಅಜ್ಜಿ ಇವತ್ತು ಇಲ್ಲೇ ಇರ್ತಾರಂತ,” ಎಂದಳು.

ಅಜ್ಜಿ ಸಿಟ್ಟಿನಲ್ಲಿ ಹೇಳಿದಳೇ ಎಂದು ಕೇಳಿದೆ. ಗೊತ್ತಿಲ್ರಿ ಎಂದು ಒಳಗೆ ಓಡಿದಳು.

ಆಮೇಲೆ ಎರಡು ತಿಂಗಳಾಯಿತು. ನಂದು ಆಮ್ಯಾಲ ನೋಡೂನು ಎಂದಿದ್ದ ತಂಗಿ ತಾನಾಗಿ ಫೋನು ಮಾಡಿಲ್ಲ. ನಾನೇ ಮಧ್ಯಾಹ್ನ ಊಟವಾದ ಮೇಲೆ ಮಾಡುತ್ತೇನೆ. ಅವರು ಬೇರೆ ಕರೆಯಲ್ಲಿದ್ದಾರೆ ಎಂದು ಬರುತ್ತದೆ. ಯಾರ ಜೊತೆ ಎಂದು ನನಗೆ ಗೊತ್ತು. ಏನು ಮಾತಾಡುತ್ತಿರಬಹುದು ಎಂದು ಮನಸ್ಸು ತನ್ನ ಹಳೆಯ ಕೆಲಸಕ್ಕೆ ಇಳಿಯುತ್ತದೆ. ಮೊಬೈಲು ಪಕ್ಕಕ್ಕಿಟ್ಟು, ಒಂದು ತಾಸು ಬಿಟ್ಟು ಮತ್ತೆ ಹಚ್ಚುತ್ತೇನೆ. ಆಗಲೂ ಅದೇ ಬರುತ್ತದೆ.